ಹೂವಪ್ಪ ಕತ್ತರಿಸಿದ ಐದು ಕೊಂಬು

ನಮ್ಮ ಶಿಲ್ಪವನಕ್ಕೆ ಮೊದಲ ಸಲ ಬಂದವರು ಗೇಟಿನಲ್ಲಿ "ಒಳಗೆ ಏನಿದೆ?" ಎಂದು ಕೇಳುತ್ತಾರೆ. ಎರಡನೇ ಸಲ ಬಂದವರು "ಹೂವಪ್ಪ ಇದಾರಾ?" ಎಂದು ಕೇಳುತ್ತಾರೆ. ನಾನು ಇಲ್ಲಿನ ಮೇಲ್ವಿಚಾರಕಿ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವಳು, ಕಲೆಯ ಚರಿತ್ರೆ ಓದಿಕೊಂಡವಳು, ಒಂದೊಂದು ಶಿಲ್ಪದ ಮುಂದೆಯೂ ಅದರ ಅರ್ಥ ಬರೆದು ಫಲಕ ನಿಲ್ಲಿಸಿದವಳು. ಶಾಂಭವಿ ಇದ್ದಾರಾ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಮೊದಮೊದಲು ಹೊಟ್ಟೆಕಿಚ್ಚಾಗುತ್ತಿತ್ತು. ಈಗಲೂ ಆಗುತ್ತದೆ, ಅಭ್ಯಾಸವಾಗಿದೆ ಅಷ್ಟೆ.

ಶಿವಮೊಗ್ಗದಿಂದ ಭದ್ರಾವತಿ ಬಸ್ಸು ಹತ್ತಿ ಮಾಚೇನಹಳ್ಳಿ ದಾಟಿದರೆ ಎಡಗಡೆ ನಮ್ಮ ಜಾಗ. ಏಳು ಎಕರೆ ಬಯಲಿನಲ್ಲಿ ಈಗ ಮೂವತ್ತೆರಡು ಶಿಲ್ಪಗಳಿವೆ, ನಡುವೆ ಒಂದು ಹಾಲ್, ಹಾಲಿನ ತುಂಬ ಆಧುನಿಕ ಚಿತ್ರಗಳು. ಸ್ಟಾಪ್ ಬಂದಾಗ ಕಂಡಕ್ಟರು "ಗುಜರಿ ಪಾರ್ಕ್ ಯಾರ್ರೀ" ಎಂದು ಕೂಗುತ್ತಾರೆ. ನಾನು ನಾಲ್ಕು ಜನ ಕಂಡಕ್ಟರುಗಳ ಜೊತೆ ಜಗಳ ಆಡಿದೆ. ಐದನೆಯವನು "ಮೇಡಂ, ಶಿಲ್ಪವನ ಅಂದ್ರೆ ಯಾರೂ ಇಳಿಯಲ್ಲ, ಗುಜರಿ ಪಾರ್ಕ್ ಅಂದ್ರೆ ಇಳೀತಾರೆ" ಎಂದ ಮೇಲೆ ಸುಮ್ಮನಾದೆ.

ಇದನ್ನು ಕಟ್ಟಿಸಿದವರು ನಮ್ಮ ಟ್ರಸ್ಟಿನ ಅಧ್ಯಕ್ಷರಾದ ಪರಮೇಶ್ವರಪ್ಪನವರು. ಗಾಂಧಿ ಬಜಾರಿನಲ್ಲಿ ಅವರದು ತಲೆತಲಾಂತರದ ಬಟ್ಟೆ ಅಂಗಡಿ. ಒಮ್ಮೆ ಸೀರೆ ಖರೀದಿಗೆ ಗುಜರಾತಿಗೆ ಹೋದಾಗ ಬಿಸಿಲು ತಡೆಯಲಾರದೆ ಬರೋಡದಲ್ಲಿ ಒಂದು ಎ.ಸಿ. ಇದ್ದ ಕಟ್ಟಡಕ್ಕೆ ನುಗ್ಗಿದರಂತೆ. ಅದು ಆರ್ಟ್ ಗ್ಯಾಲರಿ. ತಣ್ಣಗಾಗಲು ಒಂದು ಗಂಟೆ ಕೂತವರಿಗೆ ಎದುರಿಗಿದ್ದ ಕಂಚಿನ ಮುದ್ದೆಯೊಂದು ಕಣ್ಣಿಗೆ ಬಿತ್ತು, ತಲೆಗೂ ಏರಿತು. ಆಮೇಲೆ ಇಪ್ಪತ್ತು ವರ್ಷ ಸೀರೆಯ ಬಂಡಲ್ಲುಗಳ ಜೊತೆ ಶಿಲ್ಪಗಳೂ ಲಾರಿಯಲ್ಲಿ ಬಂದವು. ಮನೆಯವರು ಜಾಗವಿಲ್ಲ ಎಂದು ಗದರಿಸಿದ್ದರಿಂದ ಈ ವನ ಹುಟ್ಟಿತು.

ನಾಲ್ಕು ವರ್ಷದ ಹಿಂದೆ ಹೂವಪ್ಪ ಬಂದದ್ದು ಕಾವಲುಗಾರನ ಕೆಲಸಕ್ಕೆ. ಅರವತ್ತೆರಡರ ಗಿಡ್ಡ ಮನುಷ್ಯ, ಊರು ಭದ್ರಾವತಿ. ಮಾಚೇನಹಳ್ಳಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಮೂವತ್ನಾಲ್ಕು ವರ್ಷ ಗ್ರೈಂಡಿಂಗ್ ಮಾಡಿ ಬಲಕಿವಿ ಮಂದವಾಗಿದೆ, ಹಾಗಾಗಿ ಮಾತು ಜೋರು. ಸಂದರ್ಶನದ ದಿನ ನಾನು ಬಿಗುಮಾನದಿಂದ ಕೇಳಿದೆ.

"ಕಲೆಯ ಬಗ್ಗೆ ನಿಮಗೆ ಏನು ಗೊತ್ತು?"

"ಏನೂ ಗೊತ್ತಿಲ್ಲ ಮೇಡಮ್ಮೋರೆ. ಆ ಮೂಲೇಲಿ ನಿಂತಿದೆಯಲ್ಲ ಕುದುರೆ ಥರದ್ದು, ಅದರ ಹಿಂಗಾಲು ಒಳಗೆ ಬಿರುಕು ಬಿಟ್ಟಿದೆ ಅಂತ ಗೊತ್ತು."

ಹೊರಗೆ ಕಾಯುತ್ತಿದ್ದಾಗ ಜೇಬಿನಿಂದ ಪುಟ್ಟ ಸುತ್ತಿಗೆ ತೆಗೆದು ಅದನ್ನು ತಟ್ಟಿ, ಎಡಕಿವಿ ಕೊಟ್ಟು ಕೇಳಿದ್ದರಂತೆ. ಗಟ್ಟಿ ಇದ್ದರೆ ಠಣ್ ಎನ್ನುತ್ತದೆ, ಒಡೆದಿದ್ದರೆ ಡಬ್ ಎನ್ನುತ್ತದೆ. ಕುದುರೆ ಡಬ್ ಎಂದಿತ್ತು. ತೊಳೆದು ನೋಡಿದರೆ ಕೂದಲೆಳೆಯಷ್ಟು ಸಣ್ಣ ಬಿರುಕು ನಿಜವಾಗಿಯೂ ಇತ್ತು. ಅವತ್ತೇ ಕೆಲಸಕ್ಕೆ ತೆಗೆದುಕೊಂಡೆವು.

ಅಂದಿನಿಂದ ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿದು ಒಂದು ಸುತ್ತು ಹೊಡೆಯುವುದು ಅವರ ಪದ್ಧತಿ. ಊರಿನ ಡಾಕ್ಟರು ರೋಗಿಗಳ ಎದೆ ಕೇಳಿದ ಹಾಗೆ ಎಲ್ಲವನ್ನೂ ಕೇಳುತ್ತಾರೆ. ಜನ ಬಂದರೆ ಅವರೇ ತಿರುಗಾಡಿಸುತ್ತಾರೆ. "ಇದು ಬೂದು ಬಣ್ಣದ ಎರಕದ ಕಬ್ಬಿಣ, ಇನ್ನೂರು ಕೇಜಿ, ಒಂದೇ ಏಟಿಗೆ ಸುರಿದಿದ್ದಾರೆ, ಕೈ ನಡುಗಿಲ್ಲ. ಇದು ಸ್ಟೀಲು, ವೆಲ್ಡಿಂಗ್ ಸುಮಾರು, ದೂರದಿಂದ ನೋಡಿ. ಇದು ಕಲ್ಲು, ನಂಗೊತ್ತಿಲ್ಲ." ಹಾಲಿನ ಬಾಗಿಲಲ್ಲಿ ಮಾತ್ರ ನಿಂತುಬಿಡುತ್ತಾರೆ. "ಇದ್ರೊಳಗೆ ಕಬ್ಬಿಣ ಇಲ್ಲ. ಮೇಡಮ್ಮೋರನ್ನ ಕೇಳಿ." ಜನ ಅಲ್ಲಿಂದ ವಾಪಸು ಹೋಗುತ್ತಾರೆ.

ಅವರು ಫೌಂಡ್ರಿಯಲ್ಲಿ ಮಾಡುತ್ತಿದ್ದ ಕೆಲಸ ಏನೆಂದು ಹೇಳಬೇಕು, ಈ ಕತೆ ನಿಂತಿರುವುದೇ ಅದರ ಮೇಲೆ. ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಸುರಿದಾಗ ಅದು ಅಚ್ಚು ತುಂಬಿ ಮೇಲಿನ ಕೊಳವೆಗಳಲ್ಲೂ ನಿಲ್ಲುತ್ತದೆ. ಆರಿದ ಮೇಲೆ ಆ ಕೊಳವೆಯ ಕಬ್ಬಿಣ ವಸ್ತುವಿನ ಮೈಗೆ ಕೊಂಬಿನಂತೆ ಅಂಟಿಕೊಂಡಿರುತ್ತದೆ. ಫೌಂಡ್ರಿಯವರು ಅದಕ್ಕೆ ರೈಸರ್ ಎನ್ನುತ್ತಾರೆ. ಅದನ್ನು ಕತ್ತರಿಸಿ, ಉಜ್ಜಿ, ಅಲ್ಲೊಂದು ಕೊಂಬು ಇತ್ತು ಎಂಬ ಗುರುತೇ ಉಳಿಯದಂತೆ ಮಾಡುವುದು ಹೂವಪ್ಪನವರ ಕೆಲಸವಾಗಿತ್ತು. ಎರಕದಲ್ಲಿ ಸಣ್ಣ ಗುಳಿ ಬಿದ್ದಿದ್ದರೆ ವೆಲ್ಡಿಂಗ್ ಮಾಡಿ ತುಂಬುವುದು, ತುಂಬಿದ್ದೂ ಕಾಣದಂತೆ ಉಜ್ಜುವುದು. ಕೆಲಸ ಚೆನ್ನಾಗಿ ಆಗಿದೆ ಎಂದರೆ ಕೆಲಸ ಆಗಿರುವುದೇ ಯಾರಿಗೂ ಗೊತ್ತಾಗಬಾರದು.

ಇದೇ ಅವರ ಮನೆಯಲ್ಲಿ ಮೂವತ್ತು ವರ್ಷದ ತಮಾಷೆ. ಪಕ್ಕದ ಮನೆಯಲ್ಲಿ ಮರಳಿನ ಅಚ್ಚು ಮಾಡುವ ಒಬ್ಬ ಮೋಲ್ಡರ್ ಇದ್ದ. ಅವನ ಹೆಂಡತಿ ಶಿವಮೊಗ್ಗದ ರಸ್ತೆಯಲ್ಲಿ ಯಾವ ಮ್ಯಾನ್‌ಹೋಲ್ ಮುಚ್ಚಳ ಕಂಡರೂ "ಇದು ನಮ್ಮನೆಯವರು ಮಾಡಿದ್ದು" ಎಂದು ಕಾಲಿಟ್ಟು ತೋರಿಸುತ್ತಿದ್ದಳಂತೆ. ಹೂವಪ್ಪನವರ ಹೆಂಡತಿ ಜಯಶೀಲಾ ಒಮ್ಮೆ ಅದೇ ಮುಚ್ಚಳದ ಮೇಲೆ ನಿಂತು ಗಂಡನನ್ನು ಕೇಳಿದರು.

"ರೀ, ಇದ್ರಲ್ಲಿ ನಿಮ್ಮ ಕೆಲ್ಸ ಎಲ್ಲಿದೆ?"

"ಕಾಣಲ್ಲ ಮಾರಾಯ್ತಿ. ತೆಗೆದು ಬಿಸಾಕಿದ್ದು ನನ್ನ ಕೆಲ್ಸ."

"ಅಂದ್ರೆ ಮೂವತ್ತು ವರ್ಷ ಟಿಫಿನ್ ಕಟ್ಟಿದ್ದು ಕಾಣ್ದೇ ಇರೋದಕ್ಕಾ?"

ಈ ಕತೆಯನ್ನು ಹೂವಪ್ಪನವರೇ ನನಗೆ ನಗುತ್ತ ಹೇಳಿದ್ದು. ನಕ್ಕು ಮುಗಿದ ಮೇಲೆ ಸುತ್ತಿಗೆಯನ್ನು ಅಂಗಿಯ ಅಂಚಿನಿಂದ ಒರೆಸುತ್ತ ಕೂತರು. ಹೆಂಡತಿಗೆ ತೋರಿಸುವಂಥದ್ದು ಒಂದಾದರೂ ಇರಬೇಕಿತ್ತು ಎಂಬ ಆಸೆ ಅವರಿಗೆ ಇತ್ತು ಎಂದು ನನಗೆ ಅವತ್ತೇ ಅನ್ನಿಸಿತು.

ಕಳೆದ ಫೆಬ್ರವರಿಯಲ್ಲಿ ನಮಗೆ ಮೂವತ್ತೆರಡನೆಯ ಶಿಲ್ಪ ಬಂತು. ಮಾಡಿದವರು ಮೈಸೂರಿನ ಸಂಧ್ಯಾ. ನಲವತ್ತರ ಆಸುಪಾಸಿನ ಕಲಾವಿದೆ, ಹೆಸರು ಮಾಡಿದವರು. ಮಾಚೇನಹಳ್ಳಿಯಲ್ಲೇ ಒಂದು ಫೌಂಡ್ರಿಯಲ್ಲಿ ಮೂರು ವಾರ ಕೂತು ಎರಕ ಹೊಯ್ಯಿಸಿದ್ದರು. ತಲೆ ಬಗ್ಗಿಸಿ ಕೂತ ಹೆಂಗಸು, ಎರಡೂ ಭುಜದ ಮೇಲೆ ಒಂದೊಂದು, ಬೆನ್ನಿನ ಮೇಲೆ ಎರಡು, ಮಂಡಿಯ ಮೇಲೆ ಒಂದು, ಹೀಗೆ ಐದು ರೈಸರ್‌ಗಳನ್ನು ಕತ್ತರಿಸದೆ ಹಾಗೇ ಉಳಿಸಿದ್ದರು. ಶಿಲ್ಪದ ಹೆಸರು 'ಬಂದ ದಾರಿ'. ಕಬ್ಬಿಣ ಯಾವ ದಾರಿಯಲ್ಲಿ ಬಂದು ಹೆಂಗಸಾಯಿತು ಎಂಬುದು ಕಾಣಬೇಕು, ಅದನ್ನು ಮರೆಸಬಾರದು ಎಂಬುದು ಅವರ ಆಲೋಚನೆ. ಮರುವಾರದ ಭಾನುವಾರ ಹನ್ನೊಂದಕ್ಕೆ ಅನಾವರಣ ಎಂದು ನಿಶ್ಚಯವಾಯಿತು.

ಶಿಲ್ಪ ಬಂದಿಳಿದ ವಾರ ಹೂವಪ್ಪ ತಂಗಿಯ ಮಗಳ ಮದುವೆಗೆ ಚನ್ನಗಿರಿಗೆ ಹೋಗಿದ್ದರು. ಸಂಧ್ಯಾ ಅದನ್ನು ನಿಲ್ಲಿಸಿ ಮೈಸೂರಿಗೆ ಹೋದರು. ಫಲಕ ಬರೆಯುವುದು ನನ್ನ ಕೆಲಸ. ನಾಲ್ಕು ಸಲ ಬರೆದೆ, ನಾಲ್ಕೂ ಹರಿದೆ. ಐದನೆಯದರಲ್ಲಿ 'ಪ್ರಕ್ರಿಯೆಯ ಅನಾವರಣ' ಎಂಬ ಮಾತು ಇರಬೇಕೋ ಬೇಡವೋ ಎಂದು ಯೋಚಿಸುತ್ತಲೇ ಸೋಮವಾರ ಬಂತು. ಸೋಮವಾರ ನಮಗೆ ರಜೆ. ಮದುವೆ ಮುಗಿಸಿ ಬಂದ ಹೂವಪ್ಪ ಒಬ್ಬರೇ ವನದಲ್ಲಿ ಇದ್ದರು.

ಮಂಗಳವಾರ ನಾನು ಗೇಟಿನಲ್ಲಿ ಇಳಿದಾಗ ಅವರು ಎಂದಿಲ್ಲದ ಹುರುಪಿನಲ್ಲಿ ಎದುರು ಬಂದರು.

"ಮೇಡಮ್ಮೋರೆ, ಆ ಫೌಂಡ್ರಿಯೋರು ನಿಮಗೆ ಸರಿಯಾಗಿ ಟೋಪಿ ಹಾಕಿದ್ರು. ರೈಸರ್ ಸಮೇತ ಕಳಿಸಿಬಿಟ್ಟಿದ್ದಾರೆ. ಐದಕ್ಕೈದೂ ಹಂಗೇ ಇತ್ತು. ಭಾನುವಾರ ಬೆಂಗಳೂರಿಂದೆಲ್ಲ ಜನ ಬಂದು ನೋಡಿದ್ರೆ ಮಾಚೇನಹಳ್ಳಿ ಮರ್ಯಾದೆ ಏನಾಗ್ಬೇಕು? ನೀವು ಸುಮ್ನೆ ಟೆನ್ಶನ್ ಮಾಡ್ಕೋತೀರಿ ಅಂತ ನನ್ನ ಹಳೇ ಗ್ರೈಂಡರ್ ತಂದು ನಾನೇ ಕತ್ತರಿಸಿ ಮುಗಿಸ್ಬಿಟ್ಟೆ."

ಹೆಂಗಸಿನ ಭುಜ, ಬೆನ್ನು, ಮಂಡಿ ಎಲ್ಲ ನುಣ್ಣಗೆ ಹೊಳೆಯುತ್ತಿದ್ದವು. ಎಣ್ಣೆ ಬೇರೆ ಹಚ್ಚಿದ್ದರು. ನಾನು ಪಕ್ಕದ ಕಟ್ಟೆಯ ಮೇಲೆ ಕೂತೆ. ಹೇಗೆ ಹೇಳುವುದೆಂದು ತಿಳಿಯದೆ ನೆಟ್ಟಗೆ ಹೇಳಿದೆ.

"ಹೂವಪ್ಪ, ಅದನ್ನ ಅವರು ಬೇಕು ಅಂತಲೇ ಬಿಟ್ಟಿದ್ದು."

"ಬೇಕು ಅಂತ?"

"ಬೇಕು ಅಂತ."

"ಬೇಕು ಅಂತ ಯಾರು ರೈಸರ್ ಬಿಡ್ತಾರೆ ಮೇಡಮ್ಮೋರೆ?"

ನಾನು ಶಿಲ್ಪದ ಕಡೆ ಕೈ ತೋರಿಸಿದೆ. ಅವರು ಶಿಲ್ಪವನ್ನು ನೋಡಿದರು, ನನ್ನನ್ನು ನೋಡಿದರು, ಕೈಯಲ್ಲಿದ್ದ ಸುತ್ತಿಗೆಯನ್ನು ನಿಧಾನವಾಗಿ ಜೇಬಿಗೆ ಹಾಕಿಕೊಂಡರು. ಅವತ್ತು ಉಳಿದ ಮೂವತ್ತೊಂದನ್ನು ಅವರು ತಟ್ಟಲಿಲ್ಲ.

ಸಂಧ್ಯಾಗೆ ಫೋನು ಮಾಡಿದೆ. "ನಾಳೆ ಬರ್ತೀನಿ" ಎಂದಷ್ಟೇ ಹೇಳಿದರು. ಅಧ್ಯಕ್ಷರು ಮಾತ್ರ ಮಧ್ಯಾಹ್ನವೇ ಬಂದರು. ಕಾರಿನಿಂದ ಇಳಿಯುವ ಮೊದಲೇ ಶುರುವಾಯಿತು.

"ಅಲ್ಲಯ್ಯಾ ಹೂವಪ್ಪ, ನಿನಗೆ ಕಾಯೋಕೆ ಹೇಳಿದ್ದಾ, ಕತ್ತರಿಸೋಕೆ ಹೇಳಿದ್ದಾ? ಆಯಮ್ಮ ಮೂರು ವಾರ ಬೆವರು ಸುರಿಸಿದ್ದು ನೀನು ಒಂದು ದಿನದಲ್ಲಿ ಬೋಳಿಸಿಬಿಟ್ಯಲ್ಲ. ನಾಳೆಯಿಂದ ಬರಬೇಡ."

"ತಪ್ಪು ನನ್ನದು ಸರ್," ಎಂದೆ ನಾನು. "ಫಲಕ ಮೊದಲೇ ನಿಲ್ಲಿಸಿದ್ದರೆ ಹೀಗಾಗುತ್ತಿರಲಿಲ್ಲ."

"ನಿನ್ನ ಫಲಕ ಯಾರು ಓದ್ತಾರಮ್ಮ? ಇದ್ದಿದ್ರೂ ಇಷ್ಟೇ ಆಗ್ತಿತ್ತು."

"ನಾನು ಓದ್ತೀನಿ ಸರ್," ಎಂದರು ಹೂವಪ್ಪ. ತಲೆ ತಗ್ಗಿಸಿಯೇ ಹೇಳಿದರು. "ಎಲ್ಲಾ ಓದಿದ್ದೀನಿ. ಅರ್ಥ ಆಗ್ದೇ ಇರೋದನ್ನ ಎರಡೆರಡು ಸಲ ಓದಿದ್ದೀನಿ."

ನಾಲ್ಕು ವರ್ಷದಲ್ಲಿ ನನಗೊಬ್ಬ ಓದುಗ ಇದ್ದಾನೆಂದು ನನಗೆ ಗೊತ್ತಾದದ್ದು ಅವನ ಕೆಲಸ ಹೋಗುವ ದಿನ. ನನಗೆ ಅಳು ಬಂತು, ಅಧ್ಯಕ್ಷರ ಎದುರು ಅಳಬಾರದೆಂದು ಆಫೀಸಿಗೆ ಹೋಗಿ ಫಲಕದ ಕರಡನ್ನು ಐದನೇ ಸಲ ಹರಿದೆ.

ಬುಧವಾರ ಅಧ್ಯಕ್ಷರ ಜೊತೆ ಸಂಧ್ಯಾ ಬಂದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಶಿಲ್ಪದ ಸುತ್ತ ಮೂರು ಸಲ ನಡೆದರು, ಕತ್ತರಿಸಿದ ಜಾಗಗಳ ಮೇಲೆ ಬೆರಳಾಡಿಸಿದರು. ಮುಖ ಕೆಂಪಾಗಿತ್ತು.

"ಯಾರು ಮಾಡಿದ್ದು?"

"ನಾನಮ್ಮ," ಎಂದು ಹೂವಪ್ಪ ಮುಂದೆ ಬಂದರು. ಹಿಂದಿನ ದಿನ ಬರಬೇಡ ಎಂದಿದ್ದರೂ ಬಂದಿದ್ದರು, ಹೇಳಬೇಕಾದವರಿಗೆ ಹೇಳಿಯೇ ಹೋಗುತ್ತೇನೆ ಎಂದು.

"ಇಲ್ಲಿ ಏನಾದರೂ ಇತ್ತು ಅಂತ ನನಗೇ ಗೊತ್ತಾಗ್ತಿಲ್ಲ. ಅಷ್ಟು ಚೆನ್ನಾಗಿ ಉಜ್ಜಿದ್ದೀರಿ. ಅದಕ್ಕೇ ನನಗೆ ಹೊಟ್ಟೆ ಉರೀತಿರೋದು."

"ಅದೇ ನಮ್ಮ ಕೆಲ್ಸ ಅಮ್ಮ," ಎಂದರು ಹೂವಪ್ಪ. ಆಮೇಲೆ ಅದು ಹೊಗಳಿಕೆಯಲ್ಲ ಎಂದು ಹೊಳೆದು ಕಿವಿ ಕೆರೆದುಕೊಂಡರು.

"ತುಂಡುಗಳು ಎಲ್ಲಿ? ಎಸೆದ್ರಾ?"

"ರೈಸರ್ ಯಾರೂ ಎಸೆಯಲ್ಲಮ್ಮ. ಅದು ವಾಪಸ್ ಕುಲುಮೆಗೆ ಹೋಗ್ಬೇಕಲ್ಲ."

ಒಳಗೆ ಹೋಗಿ ಒಂದು ಗೋಣಿಚೀಲ ಹೊತ್ತು ತಂದರು. ಒಂದೊಂದು ತುಂಡಿನ ಮೇಲೂ ಚಾಕ್‌ಪೀಸಿನಲ್ಲಿ ಬರೆದಿತ್ತು. ಎಡಭುಜ, ಬಲಭುಜ, ಬೆನ್ನು ಮೇಲಿನದು, ಬೆನ್ನು ಕೆಳಗಿನದು, ಮಂಡಿ. ಯಾವ ಮುಖ ಯಾವ ಕಡೆಗಿತ್ತು ಎಂಬುದಕ್ಕೆ ಬಾಣದ ಗುರುತು ಕೂಡ ಇತ್ತು. ಕತ್ತರಿಸಿದ್ದನ್ನು ಗುರುತು ಹಾಕಿ ಇಡುವುದು ಮೂವತ್ನಾಲ್ಕು ವರ್ಷದ ಅಭ್ಯಾಸವಂತೆ. ಸಂಧ್ಯಾ ನೆಲದಲ್ಲಿ ಕೂತು ಐದನ್ನೂ ಸಾಲಾಗಿ ಜೋಡಿಸಿದರು. ಸಿಟ್ಟು ಅರ್ಧಕ್ಕೆ ಇಳಿದದ್ದು ನನಗೆ ಕಂಡಿತು.

"ಇವನ್ನ ಮತ್ತೆ ಕೂರಿಸೋಕ್ಕಾಗುತ್ತಾ?"

ಹೂವಪ್ಪ ಒಂದೊಂದು ತುಂಡನ್ನೂ ಕೈಯಲ್ಲಿ ಎತ್ತಿ ತೂಗಿ ನೋಡಿದರು. ಎರಕದ ಕಬ್ಬಿಣಕ್ಕೆ ಒಮ್ಮೆಲೇ ಬಿಸಿ ತಾಗಿದರೂ ಆಗದು, ಒಮ್ಮೆಲೇ ತಣ್ಣಗಾದರೂ ಆಗದು, ಒಡೆದುಹೋಗುತ್ತದೆ. ಹೆಂಗಸನ್ನೂ ತುಂಡುಗಳನ್ನೂ ಇದ್ದಿಲ ಬೆಂಕಿಯಲ್ಲಿ ನಿಧಾನವಾಗಿ ಕಾಯಿಸಬೇಕು, ಬಿಸಿ ಇರುವಾಗಲೇ ವೆಲ್ಡ್ ಮಾಡಬೇಕು, ಆಮೇಲೆ ಬೂದಿ ಮತ್ತು ಒಣ ಮರಳಿನಲ್ಲಿ ಪೂರ್ತಿ ಮುಚ್ಚಿ ಭಾನುವಾರದವರೆಗೆ ಕೈ ಹಾಕಬಾರದು. ತೆಗೆದಾಗಲೇ ಕೂತಿದೆಯೋ ಇಲ್ಲವೋ ಗೊತ್ತಾಗುವುದು.

"ನಾಲ್ಕು ಕೂರಿಸ್ತೀನಿ ಅಮ್ಮ. ಈ ಮಂಡೀದು ನಂಬಿಕೆ ಇಲ್ಲ, ಹಗುರ ಇದೆ."

"ನಾಲ್ಕು ಗಿಲ್ಕು ಎಲ್ಲ ಆಗಲ್ಲ," ಎಂದರು ಅಧ್ಯಕ್ಷರು. "ಐದೂ ಕೂತ್ರೆ ನಿನ್ನ ಕೆಲ್ಸ ಉಳೀತು. ಇಲ್ಲಾಂದ್ರೆ ಭಾನುವಾರವೇ ಕೊನೆ."

"ಆಗ್ಲಿ ಸರ್," ಎಂದರು ಹೂವಪ್ಪ.

ಗುರುವಾರ ಬೆಳಿಗ್ಗೆ ಮಾಚೇನಹಳ್ಳಿಯ ವೆಲ್ಡರ್ ಹಾಲೇಶ್ ತನ್ನ ವೆಲ್ಡಿಂಗ್ ಸೆಟ್ಟನ್ನು ಲಗೇಜ್ ಆಟೋದಲ್ಲಿ ಕಳಿಸಿಕೊಟ್ಟ. ಹೆಂಗಸಿನ ಸುತ್ತ ಇಟ್ಟಿಗೆಯ ಗೂಡು ಕಟ್ಟಿ, ಇದ್ದಿಲು ತುಂಬಿ ಬೆಂಕಿ ಹಾಕಿದರು. ಸಂಧ್ಯಾ ಸೀರೆಯ ಸೆರಗು ಸಿಕ್ಕಿಸಿ ಗಾಳಿಯಂತ್ರ ತಿರುಗಿಸಿದರು, ನಾನು ಇದ್ದಿಲು ಹಾಕಿ ಬ್ಲೌಸಿನ ತೋಳು ಸುಟ್ಟುಕೊಂಡೆ. ಮಧ್ಯಾಹ್ನ ಜಯಶೀಲಾ ಕಳಿಸಿದ ಟಿಫಿನ್ ಕ್ಯಾರಿಯರ್ ಬಂತು. ಯಾವತ್ತೂ ಎರಡು ಇರುತ್ತಿದ್ದ ಅಕ್ಕಿರೊಟ್ಟಿ ಅವತ್ತು ಹತ್ತು ಇದ್ದವು. ಗಂಡನ ಕೆಲಸ ಹೋಗುವುದರಲ್ಲಿದೆ ಎಂದು ಅವರಿಗೆ ಗೊತ್ತಾಗಿತ್ತು, ಅದಕ್ಕೆ ಅವರ ಉತ್ತರ ಅದು. ಸಂಧ್ಯಾ ಮೂರು ರೊಟ್ಟಿ ತಿಂದು, ಹುಚ್ಚೆಳ್ಳು ಚಟ್ನಿ ಬೆರಳಲ್ಲಿ ನೆಕ್ಕಿದರು. ಅಲ್ಲಿಗೆ ಉಳಿದ ಅರ್ಧ ಸಿಟ್ಟೂ ಹೋಯಿತು.

ಊಟವಾದ ಮೇಲೆ ಹೂವಪ್ಪ ಮುಖಕ್ಕೆ ಗಾಜು ಹಿಡಿದು ವೆಲ್ಡಿಂಗಿಗೆ ಕೂತರು. ಮೊದಲ ಭುಜದ ಬೆಸುಗೆ ಮುಗಿಯಿತು. ಸುತ್ತಲೂ ದಪ್ಪ ಹುರಿಯಂಥ ಗೆರೆ ಎದ್ದು ನಿಂತಿತ್ತು. ತಕ್ಷಣ ಅವರ ಕೈ ತಂತಾನೇ ಪಕ್ಕದಲ್ಲಿದ್ದ ಗ್ರೈಂಡರಿನ ಕಡೆಗೆ ಹೋಯಿತು.

"ತಣ್ಣಗಾದ ಮೇಲೂ ಅದನ್ನ ಉಜ್ಜಬೇಡಿ," ಎಂದರು ಸಂಧ್ಯಾ.

"ಉಜ್ಜದೆ ಹೆಂಗಮ್ಮ? ಗೆರೆ ಕಾಣುತ್ತೆ."

"ಕಾಣಲಿ. ಇದು ಬಂದ ದಾರೀಲಿ ನೀವೂ ಬಂದಿರಿ. ಕತ್ತರಿಸಿದ್ದೂ ಕಾಣಲಿ, ಕೂಡಿಸಿದ್ದೂ ಕಾಣಲಿ."

ಹೂವಪ್ಪನವರಿಗೆ ಇದು ಹಿಡಿಸಲಿಲ್ಲ. ಉಜ್ಜದೆ ಬಿಟ್ಟ ಬೆಸುಗೆ ಅವರ ಪಾಲಿಗೆ ಶರ್ಟು ಹಾಕದೆ ಪೇಟೆಗೆ ಹೋದ ಹಾಗೆ. ಆದರೂ ಗ್ರೈಂಡರನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಇದನ್ನ ಆಫೀಸಲ್ಲಿ ಬೀಗ ಹಾಕಿಡಿ ಮೇಡಮ್ಮೋರೆ, ಕಣ್ಣೆದುರಿದ್ರೆ ನನ್ನ ಕೈ ಕೇಳಲ್ಲ" ಎಂದರು. ಸಂಜೆಯ ಹೊತ್ತಿಗೆ ಐದೂ ಕೂತವು. ಮೇಲೆ ಬೂದಿ, ಬೂದಿಯ ಮೇಲೆ ಮರಳು ಸುರಿದು ಹೆಂಗಸನ್ನು ಪೂರ್ತಿ ಮುಚ್ಚಿದೆವು.

ಶುಕ್ರವಾರ ಅಧ್ಯಕ್ಷರು ಬಂದು ಗುಡ್ಡೆಯ ಮುಂದೆ ನಿಂತರು. ಒಂದು ಕಡೆ ಸ್ವಲ್ಪ ಕೆದಕಿ ನೋಡುವ ಆಸೆ ಅವರಿಗೆ. ಕೈ ಮುಂದೆ ಹೋಯಿತು.

"ಗಾಳಿ ತಾಗಿದ್ರೆ ಒಡೀತದೆ ಸರ್," ಎಂದರು ಹೂವಪ್ಪ. ಅಧ್ಯಕ್ಷರು ಬಿಸಿ ದೋಸೆ ಮುಟ್ಟಿದವರಂತೆ ಕೈ ಎಳೆದುಕೊಂಡರು. ಇಲ್ಲಿಯ ಮಾಲೀಕರು ಅಧ್ಯಕ್ಷರು ಎಂಬುದು ಆ ಮೂರು ದಿನ ಎಲ್ಲರಿಗೂ ಮರೆತಂತಿತ್ತು, ಅವರಿಗೂ ಸಹ.

ಅವತ್ತೇ ನಾಲ್ಕು ಗಂಟೆಗೆ ನಾನು ಚಹಾ ತಂದು ಹೂವಪ್ಪನವರಿಗೆ ಕೊಡುತ್ತಿದ್ದೆ. ಗುಡ್ಡೆಯೊಳಗಿಂದ ಟಿಕ್ ಎಂದು ಸಣ್ಣ ಸದ್ದು ಬಂತು. ಹೂವಪ್ಪ ಎಡಕಿವಿಯನ್ನು ಮರಳಿನ ಹತ್ತಿರ ಇಟ್ಟರು. ಇನ್ನೊಂದು ಸದ್ದು ಬರಲಿಲ್ಲ.

"ಒಂದು ಹೋಯ್ತು ಮೇಡಮ್ಮೋರೆ."

"ಯಾವುದು?"

"ತೆಗೆದ್ರೆ ಗೊತ್ತಾಗೋದು. ಸಂಧ್ಯಮ್ಮಂಗೆ ಈಗ್ಲೇ ಹೇಳ್ಬೇಡಿ, ಎರಡು ದಿನ ನಿದ್ದೆ ಮಾಡ್ಲಿ."

ಹೂವಪ್ಪನವರಂತೂ ನಿದ್ದೆ ಮಾಡಲಿಲ್ಲ ಎಂದು ಭಾನುವಾರ ಅವರ ಕಣ್ಣು ನೋಡಿದಾಗ ತಿಳಿಯಿತು. ಏಳು ಗಂಟೆಗೆ ಮರಳು ತೆಗೆದೆವು. ಬೂದಿ ಗುಡಿಸಿದರು. ಹೆಂಗಸು ಐದೂ ಕೊಂಬಿನ ಸಮೇತ ತಲೆ ಬಗ್ಗಿಸಿ ಕೂತಿದ್ದಳು. ಅಧ್ಯಕ್ಷರು ಚಪ್ಪಾಳೆ ತಟ್ಟಲು ಕೈ ಎತ್ತಿದರು, ಹೂವಪ್ಪ ತಡೆಯಿರಿ ಎಂದು ಸನ್ನೆ ಮಾಡಿ ಜೇಬಿನಿಂದ ಸುತ್ತಿಗೆ ತೆಗೆದರು.

ಎಡಭುಜ, ಠಣ್. ಬಲಭುಜ, ಠಣ್. ಬೆನ್ನಿನ ಮೇಲಿನದು, ಠಣ್. ಕೆಳಗಿನದನ್ನು ತಟ್ಟಿ ಬಹಳ ಹೊತ್ತು ಕಿವಿ ಕೊಟ್ಟರು, ಅದೂ ಗಟ್ಟಿಯಾಗಿತ್ತು. ಮಂಡಿಯದಕ್ಕೆ ಸುತ್ತಿಗೆ ತಾಗಿಸಿದ್ದೇ ತಡ, ಡಬ್ ಎಂದು ಅದು ಉದ್ದಕ್ಕೂ ಸೀಳಿ ಅರ್ಧ ಅವರ ಅಂಗೈಗೆ ಬಿತ್ತು. ಉಳಿದರ್ಧ ಮಂಡಿಯ ಮೇಲೇ ನಿಂತಿತ್ತು.

ಹೂವಪ್ಪ ಆ ತುಂಡನ್ನು ಕಟ್ಟೆಯ ಮೇಲಿಟ್ಟು ಕೈ ಒರೆಸಿಕೊಂಡರು.

"ಐದು ಅಂದಿದ್ರಿ ಸರ್. ನಾಲ್ಕಾಯ್ತು. ನಾನಿನ್ನು ಬರ್ತೀನಿ," ಎಂದು ಗೇಟಿನ ಹತ್ತಿರ ತೂಗುಹಾಕಿದ್ದ ಚೀಲ ತರಲು ಹೊರಟರು.

"ನಿಲ್ಲಿ ಹೂವಪ್ಪನವರೇ," ಎಂದರು ಸಂಧ್ಯಾ. ಅವರು ಸೀಳಿದ ತುಂಡನ್ನು ಕೈಗೆತ್ತಿಕೊಂಡಿದ್ದರು. ಒಳಗೆ ಮಧ್ಯದಲ್ಲಿ ಹಲಸಿನ ಬೀಜ ಹಿಡಿಸುವಷ್ಟು ದೊಡ್ಡ ಟೊಳ್ಳು ಇತ್ತು. "ಇದೇನು ಈ ಗುಂಡಿ?"

ಹೂವಪ್ಪ ತಿರುಗಿ ಬಂದರು. ಕೆಲಸದ ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಹೋಗುವುದು ಅವರಿಂದಾಗದು.

"ಎರಕ ಆರೋವಾಗ ಕುಗ್ಗುತ್ತಮ್ಮ. ಒಳಗೆ ಟೊಳ್ಳು ಬೀಳುತ್ತೆ. ಆ ಟೊಳ್ಳು ಮೈಯೊಳಗೆ ಬೀಳಬಾರದು ಅಂತಲೇ ರೈಸರ್ ಇಡೋದು. ರೈಸರ್ ತನ್ನ ಕಬ್ಬಿಣನ ಕೆಳಗೆ ಕೊಟ್ಟುಬಿಡುತ್ತೆ, ಗುಂಡಿನ ತಾನು ಇಟ್ಕೊಳ್ಳುತ್ತೆ. ನಿಮ್ಮ ಹೆಂಗಸಿನ ಮಂಡೀಲಿ ಆಗಬೇಕಿದ್ದ ಗುಂಡಿ ಇದು. ಇದಿದ್ದಿದ್ದಕ್ಕೆ ಅವಳ ಮಂಡಿ ಗಟ್ಟಿ ಇದೆ."

ಸಂಧ್ಯಾ ಮಂಡಿಯ ಮೇಲೆ ನಿಂತ ಅರ್ಧವನ್ನು ನೋಡಿದರು. ಅದರ ಟೊಳ್ಳೂ ಹೊರಗೆ ತೆರೆದುಕೊಂಡಿತ್ತು.

"ಮೂರು ವಾರ ಫೌಂಡ್ರೀಲಿ ಕೂತೆ. ದಾರಿ ಕಾಣಲಿ ಅಂತ ಇವನ್ನ ಉಳಿಸಿಕೊಂಡೆ. ಇವು ಮಾಡೋ ಕೆಲಸ ಇದು ಅಂತ ನನಗೆ ಗೊತ್ತೇ ಇರಲಿಲ್ಲ," ಎಂದರು. ಸೀಳಿದ ತುಂಡನ್ನು ಟೊಳ್ಳು ಮೇಲೆ ಮಾಡಿ ಹೆಂಗಸಿನ ಪಾದದ ಹತ್ತಿರ ಇಟ್ಟರು. "ಇದು ಹೀಗೇ ಇರಲಿ. ಇದನ್ನ ಅಂಟಿಸಬೇಡಿ."

ಅಧ್ಯಕ್ಷರು ಬಗ್ಗಿ ಆ ಗುಂಡಿಯೊಳಗೆ ಬೆರಳು ಹಾಕಿ ನೋಡಿದರು. ಬರೋಡದ ಕಂಚಿನ ಮುದ್ದೆಯ ಮುಂದೆ ಕೂತಾಗ ಮುಖ ಹೀಗೇ ಇದ್ದಿರಬೇಕು. ಎದ್ದು, ಗಂಟಲು ಸರಿಮಾಡಿಕೊಂಡರು.

"ಹನ್ನೊಂದಕ್ಕೆ ಜನ ಬರ್ತಾರೆ. ಈ ಬೂದಿ ಎಲ್ಲ ಯಾರು ಗುಡಿಸ್ತಾರೆ ಹೂವಪ್ಪ? ಬೇಗ ಬೇಗ ಮಾಡು. ನಾಳೆ ರಜಾ ಅಂತ ಮತ್ತೇನಾದ್ರೂ ಕತ್ತರಿಸ್ಬೇಡ."

ಹೂವಪ್ಪ ಚೀಲವನ್ನು ಗೇಟಿನ ಮೊಳೆಗೆ ಮತ್ತೆ ತೂಗುಹಾಕಿ ಪೊರಕೆ ಹಿಡಿದರು. ನನಗೆ ಆದ ಸಂತೋಷದಲ್ಲಿ ಫಲಕವನ್ನು ಹತ್ತೇ ನಿಮಿಷದಲ್ಲಿ ಬರೆದು ಮುಗಿಸಿದೆ. 'ಬಂದ ದಾರಿ. ಎರಕದ ಕಬ್ಬಿಣ. ಶಿಲ್ಪಿ: ಸಂಧ್ಯಾ. ಕತ್ತರಿಸಿ ಕೂಡಿಸಿದವರು: ಹೂವಪ್ಪ.' ಪ್ರಕ್ರಿಯೆ, ಅನಾವರಣ ಇತ್ಯಾದಿ ಏನೂ ಬೇಕಾಗಲಿಲ್ಲ.

ಹನ್ನೊಂದರ ಬಸ್ಸಿಗೆ "ಗುಜರಿ ಪಾರ್ಕ್" ಎಂಬ ಕೂಗು ಕೇಳಿಸಿತು, ಜನರ ಜೊತೆ ಜಯಶೀಲಾ ಇಳಿದರು. ನಾಲ್ಕು ವರ್ಷದಲ್ಲಿ ಅವರು ಇಲ್ಲಿಗೆ ಬಂದದ್ದು ಅದೇ ಮೊದಲು. ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಭಾಷಣಗಳು ಮುಗಿದು ಜನ ಸಂಧ್ಯಾರನ್ನು ಮುತ್ತಿಕೊಂಡಾಗ ಅವರು ಶಿಲ್ಪದ ಹಿಂದೆ ನಿಂತಿದ್ದ ಗಂಡನ ಹತ್ತಿರ ಹೋದರು. ನಾನು ಫಲಕ ಸರಿಮಾಡುವವಳಂತೆ ಅಲ್ಲೇ ನಿಂತೆ, ಕೇಳಿಸಿಕೊಳ್ಳಲೆಂದೇ.

"ಇದ್ರಲ್ಲಿ ನಿಮ್ಮ ಕೆಲ್ಸ ಎಲ್ಲಿದೆ?" ಎಂದು ಕೇಳಿದರು, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ನಿಂತು ಕೇಳಿದಂತೆಯೇ, ನಗಿಸಲೆಂದು.

ಹೂವಪ್ಪ ನಗಲಿಲ್ಲ. ಹೆಂಡತಿಯ ಬಲಗೈ ಹಿಡಿದು, ಅವರ ತೋರುಬೆರಳನ್ನು ಎಡಭುಜದ ಬೆಸುಗೆಯ ಮೇಲೆ ಇಟ್ಟರು. ಅಲ್ಲಿಂದ ನಿಧಾನವಾಗಿ ಒಂದು ಸುತ್ತು ಬರಿಸಿದರು.

"ಇದು," ಎಂದರು.

ಜಯಶೀಲಾ ತಾವೇ ಇನ್ನೊಂದು ಸುತ್ತು ಬೆರಳಾಡಿಸಿದರು. ಆಮೇಲೆ ಬಲಭುಜ, ಬೆನ್ನು, ಒಂದನ್ನೂ ಬಿಡದೆ ಮುಟ್ಟಿ ನೋಡಿದರು.

"ಇನ್ನೂ ಸ್ವಲ್ಪ ನುಣ್ಣಗೆ ಮಾಡ್ಬೋದಿತ್ತಲ್ರೀ?"

"ಮಾಡ್ಬೋದಿತ್ತು," ಎಂದರು ಹೂವಪ್ಪ. "ಬೇಡ ಅಂದ್ರು. ಕಾಣ್ಲಿ ಅಂದ್ರು."

ಜಯಶೀಲಾ ಬೆಸುಗೆಯ ಸಂದಿಯಲ್ಲಿ ಇನ್ನೂ ಉಳಿದಿದ್ದ ಬೂದಿಯನ್ನು ಮದುವೆಗೆ ಉಡುವ ಆ ಸೀರೆಯ ಸೆರಗಿನಿಂದ ಒರೆಸತೊಡಗಿದರು.